ಗುಲಾಬಿಗೆ ಬಂದ ಹೊಸತೊಡಕು

ಈ ಯುಗಾದಿಗೆ ಬೇರೆಯವರು ಯಾವ ಯಾವ ಸಂಕಲ್ಪ ಮಾಡಿದರೋ ನನಗೆ ತಿಳಿಯದು. ನಾನು ಮಾತ್ರ ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳುವ ಮೊದಲೇ, ಮೈತುಂಬ ಹರಳೆಣ್ಣೆ ಬಳಿದುಕೊಂಡು, ನಡುಮನೆಯಲ್ಲಿ ಎದೆ ಸೆಟೆಸಿ ನಿಂತು ಒಂದು ಘೋರ ಪ್ರತಿಜ್ಞೆ ಮಾಡಿದೆ. ನಾಳೆ ಹೊಸತೊಡಕು. ಬೆಂಗಳೂರಿನಲ್ಲಿ ಎಷ್ಟು ಕೋಳಿ ಬೇಕಾದರೂ ಸಾರಾಗಲಿ. ಈ ಅನಿಲ್ ಕುಮಾರನ ಮೂಗಿನಲ್ಲಿ ಉಸಿರಿರುವ ತನಕ ನಮ್ಮ ಗುಲಾಬಿಯ ಒಂದು ಪುಕ್ಕವೂ ಕೊಂಕದು!

ನನ್ನ ಹೆಂಡತಿ ಯಮುನಾ ಹೂರಣ ರುಬ್ಬುತ್ತಿದ್ದವಳು ತಿರುಗಿಯೂ ನೋಡಲಿಲ್ಲ. "ಮೊದ್ಲು ಸ್ನಾನ ಮಾಡಿ. ಎಣ್ಣೆ ಮೈಯಲ್ಲಿ ಪ್ರತಿಜ್ಞೆ ಮಾಡಿದ್ರೆ ಜಾರಿ ಹೋಗುತ್ತೆ" ಎಂದಳು.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಯುಗಾದಿಯ ದಿನ ಹೋಳಿಗೆ, ಮಾರನೆಯ ದಿನ ಹೊಸತೊಡಕು, ಅಂದರೆ ಬಾಡೂಟ. ಹೋಳಿಗೆ ಎನ್ನುವುದು ಬರಿಯ ಮುನ್ನುಡಿ. ಬೆಳಕು ಹರಿಯುವ ಮೊದಲೇ ಮಟನ್ ಅಂಗಡಿಗಳ ಮುಂದೆ ಸ್ಟೀಲ್ ಡಬ್ಬಿ ಹಿಡಿದ ಗೃಹಸ್ಥರ ಸಾಲು ಬೀದಿಯ ತಿರುವಿನ ತನಕ ನಿಂತಿರುತ್ತದೆ. ಆ ಸಾಲಿನಲ್ಲಿ ನಾನೂ ವರ್ಷ ವರ್ಷ ನಿಂತವನೇ. ಸುಳ್ಳೇಕೆ ಹೇಳಲಿ, ನಾಟಿ ಕೋಳಿ ಸಾರಿಗೆ ಮುದ್ದೆ ಮುರಿಯುವಾಗ ನನಗೆ ಜಗತ್ತಿನ ಯಾವ ಕೋಳಿಯ ಮೇಲೂ ಕನಿಕರ ಹುಟ್ಟಿದ್ದಿಲ್ಲ. ಆದರೆ ಗುಲಾಬಿ ಕೋಳಿಯಲ್ಲ. ಅಂದರೆ, ಕೋಳಿಯೇ. ಆದರೆ ಹಾಗಲ್ಲ!

ಹೋದ ವರ್ಷ ಚಿಕ್ಕಪೇಟೆಯಲ್ಲಿರುವ ನನ್ನ ಗುಂಡಿ, ಜಿಪ್ಪುಗಳ ಅಂಗಡಿಯ ಅಟ್ಟದಿಂದ ಇಳಿಯುವಾಗ ಏಣಿ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ ಹೋದೆ. ಕಾಲು ಮುರಿದು ಪ್ಲಾಸ್ಟರ್ ಹಾಕಿದರು. ಮಾವಳ್ಳಿಯ ನಮ್ಮ ಮನೆಯ ಮಂಚದ ಮೇಲೆ ಮಲಗಿಕೊಂಡು, ಹಾಲು ಯಾಕೆ ಉಕ್ಕಿತು, ಬಾಗಿಲು ಯಾಕೆ ಬಡಿಯಿತು, ಸಾರಿಗೆ ಅಷ್ಟೊಂದು ಹುಣಸೆಹಣ್ಣು ಯಾಕೆ ಎಂದು ಯಮುನಾಗೆ ದಿನವಿಡೀ ಬುದ್ಧಿ ಹೇಳತೊಡಗಿದೆ. ಒಂದು ದಿನ ಅವಳು ಕೊತ್ತಂಬರಿ ಸೊಪ್ಪು ತರಲು ಹೋದವಳು ಸೊಪ್ಪಿನ ಜೊತೆಗೆ ಒಂದು ಕೋಳಿಮರಿಯನ್ನೂ ತಂದು ನನ್ನ ಎದೆಯ ಮೇಲೆ ಬಿಟ್ಟಳು. "ನನ್ ತಲೆ ತಿನ್ನೋ ಬದ್ಲು ಇದನ್ನ ನೋಡ್ಕೊಳ್ಳಿ" ಎಂದಳು. ಹಸಿರು, ನೀಲಿ, ಕೆಂಪು ಬಣ್ಣ ಹಚ್ಚಿ ಬುಟ್ಟಿಯಲ್ಲಿಟ್ಟು ಬೀದಿಯಲ್ಲಿ ಮಾರುತ್ತಾರಲ್ಲ, ಅಂಥ ಮರಿ. ಇದರದು ಗುಲಾಬಿ ಬಣ್ಣ.

ಆ ಬಣ್ಣದ ಮರಿಗಳು ಬದುಕುವುದಿಲ್ಲ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಎಲ್ಲರೂ ಹೇಳಿದರು. ಹಾಗೆಂದ ಮೇಲೆ ಹಚ್ಚಿಕೊಳ್ಳದೆ ಇರುವುದು ಹೇಗೆ? ಅದಕ್ಕೆ ಬಲ್ಬಿನ ಶಾಖ ಕೊಟ್ಟೆ, ರಾಗಿ ನುಚ್ಚು ತಿನ್ನಿಸಿದೆ. ಅದು ನನ್ನ ಮೊಣಕಾಲಿನ ಪಕ್ಕದ ಸಂದಿಯಲ್ಲಿ, ಪ್ಲಾಸ್ಟರಿಗೆ ಒರಗಿ ಮಲಗುತ್ತಿತ್ತು. ಕಾಲು ಜೋಮು ಹಿಡಿದರೂ ನಾನು ಅಲ್ಲಾಡುತ್ತಿರಲಿಲ್ಲ. ನನ್ನ ಮೂಳೆ ಕೂಡಿಕೊಳ್ಳುವ ಹೊತ್ತಿಗೆ ಅದರ ಬಣ್ಣ ಉದುರಿ ಮೈ ಬಿಳಿಯಾಯಿತು, ನೆತ್ತಿಯ ಮೇಲೆ ಕೆಂಪು ಜುಟ್ಟು ಎದ್ದಿತು. ಒಂದು ಬೆಳಗ್ಗೆ ಗಂಟಲು ಬಿಚ್ಚಿ ಕೂಗಿ ತಾನು ಹುಂಜ ಎಂದು ಇಡೀ ಮಾವಳ್ಳಿಗೆ ಜಾಹೀರು ಮಾಡಿತು. ಅಷ್ಟರಲ್ಲಿ ಹೆಸರು ನಿಂತುಬಿಟ್ಟಿತ್ತು. ಕತ್ತಿನಲ್ಲಿ ರೋಷ, ನಡಿಗೆಯಲ್ಲಿ ಪಾಳೇಗಾರಿಕೆ, ಹೆಸರು ಗುಲಾಬಿ!

ಪ್ರೀತಿ ಬಂದ ಮನೆಗೆ ಭಯ ಬಾಡಿಗೆಗೆ ಬರುತ್ತದೆ. ಲಾಲ್‌ಬಾಗಿನ ಕಡೆಯಿಂದ ಹದ್ದು ಹಾರಿ ಬಂದರೆ ಎಂದು ತಾರಸಿಗೆ ಬಲೆ ಕಟ್ಟಿಸಿದೆ. ಬೆಕ್ಕು ಬಂದರೆ ಎಂದು ಬಲೆಯ ಅಂಚಿಗೆ ಅಂಗಡಿಯ ಹಿತ್ತಾಳೆ ಗುಂಡಿಗಳ ಸರ ಇಳಿಬಿಟ್ಟೆ. ಗಾಳಿಗೆ ಅವು ಗಲಗಲ ಎಂದಾಗ ಬೆಕ್ಕು ಅಲ್ಲೇ ಕೂತು ಕೇಳಿತು, ಗುಲಾಬಿ ಹೆದರಿ ಗೂಡು ಸೇರಿದ. ಅಂಗಡಿಯಲ್ಲಿ ಕೂತರೂ ಮನಸ್ಸು ತಾರಸಿಯಲ್ಲೇ. ಗಿರಾಕಿಗೆ ಜಿಪ್ಪು ಅಳೆಯುತ್ತ ಅಳೆಯುತ್ತ ಮನೆಗೆ ಫೋನು ಮಾಡುತ್ತಿದ್ದೆ.

"ಗುಲಾಬಿ ಏನ್ ಮಾಡ್ತಿದಾನೆ?"

"ನೆಲ ಕೆದಕ್ತಿದಾನೆ."

"ಹೇಗ್ ಕೆದಕ್ತಿದಾನೆ?"

"ಕಾಲಲ್ಲಿ" ಎಂದು ಯಮುನಾ ಫೋನು ಇಡುತ್ತಿದ್ದಳು.

ಇಂತಿಪ್ಪ ನನ್ನ ಸಂಸಾರಕ್ಕೆ ಯುಗಾದಿಯ ಬೆಳಗ್ಗೆ ನನ್ನ ಮಾವ, ಅಂದರೆ ಯಮುನಾಳ ತಂದೆ ದೊಡ್ಡಬೈರಪ್ಪನವರು, ಮಾಗಡಿ ಕಡೆಯ ತಮ್ಮ ಹಳ್ಳಿಯಿಂದ ಆಗಮಿಸಿದರು. ಮಾತು ಕಡಿಮೆ, ಮೀಸೆ ಜಾಸ್ತಿ. ಊರಿನಲ್ಲಿ ಹೊಸತೊಡಕಿಗೆ ಕೋಳಿ ಆರಿಸುವ ಕೆಲಸ ಅವರದೇ. ಕೈಯಲ್ಲಿ ಒಂದು ಸಲ ಎತ್ತಿದರೆ ಸಾಕು, ಎಷ್ಟು ಜನಕ್ಕೆ ಸಾರಾಗುತ್ತದೆ ಎಂದು ಹೇಳಿಬಿಡುತ್ತಾರೆ. ಮದುವೆಯಾದ ಹೊಸತರಲ್ಲಿ ಈ ವಿದ್ಯೆಯನ್ನು ನಾನು ಬಾಯಿತುಂಬ ಹೊಗಳಿದ್ದೂ ಉಂಟು.

ಬಂದವರು ಕಾಫಿ ಕುಡಿದು ನೇರ ತಾರಸಿ ಹತ್ತಿದರು. ನಾನು ಎಣ್ಣೆ ಮೈಯಲ್ಲೇ ಹಿಂದೆ ಓಡಿದೆ. ಗುಲಾಬಿ, ಆ ಅವಿವೇಕಿ, ಹೊಸಬರೆಂದರೆ ಮೈ ಕಾಯ್ದುಕೊಳ್ಳಬೇಕು ಎನ್ನುವ ಪರಿವೆಯೇ ಇಲ್ಲದೆ ಅವರ ಕಾಲ ಬಳಿಗೇ ಹೋಗಿ ನಿಂತ. ಮಾವ ಗಬಕ್ಕನೆ ಎತ್ತಿಕೊಂಡರು. ರೆಕ್ಕೆ ಬಿಡಿಸಿ ನೋಡಿದರು. ಕಾಲು ಹಿಡಿದು ಅಮುಕಿದರು. ಎದೆ ಮುಟ್ಟಿ ನೋಡಿದರು. ಜುಟ್ಟು ಹಿಡಿದು ತಲೆಯನ್ನು ಅತ್ತ ಇತ್ತ ತಿರುಗಿಸಿದರು.

"ವಯಸ್ಸೆಷ್ಟಾಯ್ತು ಅಳಿಯಂದ್ರೇ ಇದಕ್ಕೆ?"

"ಇನ್ನೂ ಚಿಕ್ಕದು ಮಾವ. ಮೈಯಲ್ಲಿ ಏನೂ ಇಲ್ಲ, ಬರೀ ಪುಕ್ಕ."

"ಯಾಕಿಲ್ಲ, ಭೇಷಾಗೈತೆ. ಚೆನ್ನಾಗ್ ಸಾಕಿದ್ದೀರಿ" ಎಂದು ಅವರು ಗುಲಾಬಿಯ ಬೆನ್ನು ಸವರಿ, ಏನೋ ಯೋಚಿಸುತ್ತ ಕೆಳಗೆ ಬಿಟ್ಟರು. ಆ ಯೋಚನೆಯಲ್ಲಿ ನನಗೆ ಈರುಳ್ಳಿ, ಶುಂಠಿ, ಕೊತ್ತಂಬರಿ ಬೀಜ ಹುರಿದ ವಾಸನೆ ಬಂತು.

ನನ್ನ ಸಂಕಟವನ್ನು ಯಮುನಾಗೆ ಅಡಿಗೆಮನೆಯಲ್ಲಿ ತೋಡಿಕೊಂಡೆ. ಅವಳು ಹೋಳಿಗೆ ತಟ್ಟುತ್ತ, ನಮ್ಮಪ್ಪ ಏನು ರಾಕ್ಷಸನೇ, ಇದು ನಾವು ಸಾಕಿದ್ದು, ಕೊಯ್ಯುವುದಲ್ಲ ಎಂದು ಒಂದು ಮಾತು ಹೇಳಿದರೆ ಮುಗಿಯಿತು ಎಂದಳು. ಹೇಳುವುದು ಸುಲಭ! ಹಬ್ಬಕ್ಕೆ ಬಂದ ಮಾವ ಇನ್ನೂ ಬಾಯಿ ಬಿಟ್ಟು ಕೇಳಿಯೇ ಇಲ್ಲ. ಕೇಳುವ ಮೊದಲೇ ಕೊಡುವುದಿಲ್ಲ ಎಂದರೆ ಅವರನ್ನು ಹೊಟ್ಟೆಬಾಕ ಎಂದ ಹಾಗೆ. ಕೇಳಿದ ಮೇಲೆ ಕೊಡುವುದಿಲ್ಲ ಎಂದರೆ ಅಳಿಯ ಎನ್ನುವ ಪದವಿಗೇ ಕಳಂಕ. ಆದ್ದರಿಂದ ಅವರು ಕೇಳುವುದರೊಳಗೆ ಗುಲಾಬಿ ಮನೆಯಲ್ಲಿ ಇರಕೂಡದು. ಹಬ್ಬ ಮುಗಿಯುವ ತನಕ ಅವನನ್ನು ಚಿಕ್ಕಪೇಟೆಯ ಅಂಗಡಿಯ ಅಟ್ಟದಲ್ಲಿ ಅಡಗಿಸಿಡುವುದೆಂದು ತೀರ್ಮಾನಿಸಿದೆ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಅಂದುಕೊಂಡೆ.

ಸಂಜೆ ಎಲ್ಲರೂ ಹೋಳಿಗೆಯ ಭಾರಕ್ಕೆ ಕಣ್ಣು ಮುಚ್ಚಿದ್ದಾಗ ಜಿಪ್ಪಿನ ರಟ್ಟಿನ ಡಬ್ಬಕ್ಕೆ ತೂತು ಹೊಡೆದು, ಹಳೆಯ ಟವಲು ಹಾಸಿ, ಗುಲಾಬಿಯನ್ನು ಒಳಗೆ ಕೂರಿಸಿದೆ. ಕತ್ತಲಾಯಿತೆಂದುಕೊಂಡು ಪಾಪ ತೆಪ್ಪಗೆ ಕೂತ. ಹಬ್ಬದ ದಿನ ಅಂಗಡಿಗೆ ಒಂದು ದೀಪ ಹಚ್ಚಿ ಬರುತ್ತೇನೆ ಎಂದು ಒಳಗೆ ಮಲಗಿದ್ದ ನನ್ನ ಅಮ್ಮನನ್ನು ಎಬ್ಬಿಸಿ ಹೇಳಿ ಡಬ್ಬ ಎತ್ತಿಕೊಂಡು ಹೊರಗೆ ಬಂದರೆ, ಮಾವ ಜಗಲಿಯ ಮೇಲೆ ಚಪ್ಪಲಿ ಮೆಟ್ಟಿಕೊಂಡು ಸಿದ್ಧರಾಗಿ ಕೂತಿದ್ದಾರೆ!

"ನಾನೂ ಬತ್ತೀನಿ ನಡೀರಿ. ನಿಮ್ಮತ್ರ ಒಂದ್ ಮಾತಾಡ್ಬೇಕಿತ್ತು. ಮನೇಲಿ ಎಲ್ಲಾರ್ ಮುಂದೆ ಬ್ಯಾಡ" ಎಂದರು.

ಬೇಡ ಎನ್ನುವುದಕ್ಕೆ ಮೊದಲೇ ಅವರು ನನ್ನ ಕೈಯಿಂದ ಡಬ್ಬ ಇಸಿದುಕೊಂಡು ಸ್ಕೂಟರಿನ ಹಿಂದೆ ಕೂತಾಗಿತ್ತು. ಹೀಗೆ ಗುಲಾಬಿಯನ್ನು ಯಾರಿಂದ ಕಾಪಾಡಬೇಕಾಗಿತ್ತೋ ಅವರ ತೊಡೆಯ ಮೇಲೆಯೇ ಕೂರಿಸಿಕೊಂಡು ನನ್ನ ಪಾರುಪತ್ಯ ಹೊರಟಿತು.

"ಡಬ್ಬ ಬೆಚ್ಚಗೈತಲ್ಲ" ಎಂದರು ಮಾವ ಸ್ವಲ್ಪ ದೂರ ಹೋದ ಮೇಲೆ.

"ಬಿಸಿಲಲ್ಲಿತ್ತು ಮಾವ. ಜಿಪ್ಪು."

"ಅಲ್ಲಾಡ್ತೈತೆ."

"ರೋಡ್ ಸರಿ ಇಲ್ಲ ಮಾವ."

ಮಿನರ್ವ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತೆವು. ಹಿಂದಿನಿಂದ ಒಂದು ಆಟೋ ಹಾರನ್ನು ಬಾರಿಸಿತು. ಹಾರನ್ನು ಎಂದರೆ ಗುಲಾಬಿಗೆ ಇನ್ನೊಂದು ಹುಂಜ ಸವಾಲು ಹಾಕಿದ ಹಾಗೆ. ಡಬ್ಬದ ಒಳಗಿನಿಂದ ಅವನು ಕೊಟ್ಟ ಉತ್ತರಕ್ಕೆ ಅಕ್ಕಪಕ್ಕದ ಬೈಕಿನವರೆಲ್ಲ ಹೆಲ್ಮೆಟ್ ತಿರುಗಿಸಿ ನೋಡಿದರು. ಆಟೋದವನು ಖುಷಿಯಾಗಿ ಇನ್ನೊಂದು ಸಲ ಬಾರಿಸಿದ. ಗುಲಾಬಿಯೂ ಬಿಡಲಿಲ್ಲ. ಮಾವ ನಿಧಾನವಾಗಿ ಡಬ್ಬದ ಮುಚ್ಚಳ ತೆರೆದರು. ಕೆಂಪು ಜುಟ್ಟು ಹೊರಗೆ ಬಂದು ಮಿನರ್ವ ಸರ್ಕಲ್ಲನ್ನು ಒಂದು ಸುತ್ತು ನೋಡಿತು.

"ಅಳಿಯಂದ್ರೇ, ಕೋಳಿನ ಯಾಕೆ ಡಬ್ಬದಾಗಿಟ್ಕೊಂಡ್ ಹೋಗ್ತಿದ್ದೀರಿ?"

ಸಿಗ್ನಲ್ಲು ಹಸಿರಾಯಿತು. ಹಿಂದಿನವರು ಬೈಯತೊಡಗಿದರು. ಆ ಗಡಿಬಿಡಿಯಲ್ಲಿ ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ ಕೆಲಸ ಮಾಡಿತು. ಇದು ದೇವರಿಗೆ ಮೀಸಲು ಕೋಳಿ ಮಾವ, ಕಾಲು ಮುರಿದಾಗ ಮಾರಮ್ಮನಿಗೆ ಹರಕೆ ಹೊತ್ತಿದ್ದೆ, ಹೊಸತೊಡಕಿನ ಮನೆಯಲ್ಲಿ ಯಾರಾದರೂ ತಿಳಿಯದೆ ಮುಟ್ಟಿಬಿಟ್ಟಾರು ಎಂದು ಅಂಗಡಿಯಲ್ಲಿಡಲು ಹೊರಟೆ ಎಂದುಬಿಟ್ಟೆ. ಹೇಳಿ ಮುಗಿಸಿದ ಮೇಲೆ ಎಂಥ ಭರ್ಜರಿ ಉಪಾಯ ಎಂದು ನನಗೇ ರೋಮಾಂಚನವಾಯಿತು. ನಮ್ಮವರಲ್ಲಿ ದೇವರಿಗೆ ಮೀಸಲಿಟ್ಟ ಕೋಳಿಯನ್ನು ಹಸಿದು ಸಾಯುವವನೂ ಮುಟ್ಟುವುದಿಲ್ಲ.

ಮಾವ ಡಬ್ಬದಲ್ಲಿದ್ದ ಗುಲಾಬಿಯ ಜುಟ್ಟನ್ನು ಒಮ್ಮೆ ಸವರಿದರು. ಆಮೇಲೆ, "ಹಂಗಾ" ಎಂದು ಮೆಲ್ಲಗೆ ಮುಚ್ಚಳ ಮುಚ್ಚಿದರು.

"ಏನೋ ಮಾತಾಡ್ಬೇಕು ಅಂದ್ರಲ್ಲ ಮಾವ?" ಎಂದೆ, ಗೆದ್ದವನ ಔದಾರ್ಯದಿಂದ.

"ಇನ್ನೇನೈತೆ ಬಿಡಿ. ದ್ಯಾವ್ರ ಕೋಳಿ ಅಂದ್ಮೇಲೆ." ಮತ್ತೆ ತಾವೇ ಕೇಳಿದರು. "ಕಾಲ್ ವಾಸಿಯಾಗಿ ಎಷ್ಟ್ ಕಾಲ ಆಯ್ತು. ಹರಕೆ ಯಾಕಿನ್ನೂ ತೀರ್ಸಿಲ್ಲ?"

ತೀರಿಸಿದರಾಯಿತು ಮಾವ, ಯಾವಾಗಲಾದರೂ ಎಂದೆ. ದೇವರಿಗೆ ಯಾವಾಗಲಾದರೂ ಎನ್ನುತ್ತಾರೆಯೇ ಎಂದು ಅವರು ಹೌಹಾರಿದರು. ಗಾಡಿ ತಿರುಗಿಸಿ ಎಂದರು. ತಿರುಗಿಸಿದೆ.

ಇರಲಾರದೆ ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಆ ಗಾದೆ ಹುಟ್ಟಿದ್ದು ನನ್ನಂಥವನನ್ನು ನೋಡಿಯೇ ಇರಬೇಕು. ಮನೆಗೆ ಬರುತ್ತಲೇ ಮಾವ ನನ್ನ ತಾಯಿ ಮುನಿಲಕ್ಷ್ಮಮ್ಮನವರಿಗೆ ವಿಷಯ ತಿಳಿಸಿದರು. ನನ್ನ ತಾಯಿ ಮಾರಮ್ಮನ ಪರಮ ಭಕ್ತೆ. ಹೆತ್ತ ತಾಯಿಗೂ ಹೇಳದೆ ಮಗ ಹರಕೆ ಹೊತ್ತುಕೊಂಡಿದ್ದಾನೆ, ಅದೂ ಮರಿಯಿಂದ ಎದೆಯ ಮೇಲೆ ಇಟ್ಟು ದೇವಿಗಾಗಿ ಸಾಕಿದ್ದಾನೆ ಎಂದು ಅವರಿಗೆ ಕಣ್ಣಲ್ಲಿ ನೀರೇ ಬಂತು. ಇವನು ಅದಕ್ಕೆ ಅಷ್ಟು ಸೇವೆ ಮಾಡುತ್ತಿದ್ದುದು ಯಾಕೆ ಎಂದು ಈಗ ತಿಳಿಯಿತು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾಳೆಯೇ ಒಳ್ಳೆಯ ದಿನ. ಬೆಳಗ್ಗೆ ಬೀದಿಯ ಕೊನೆಯ ಮಾರಮ್ಮನ ಗುಡಿಯಲ್ಲಿ ಪೂಜೆ, ಮಧ್ಯಾಹ್ನ ಮನೆಯಲ್ಲಿ ಅದೇ ಪ್ರಸಾದ. ಹೊಸತೊಡಕಿಗೂ ಆಯಿತು, ಹರಕೆಗೂ ಆಯಿತು!

ಅಲ್ಲಿಗೆ, ಗುಲಾಬಿ ಸಾರಾಗಬಾರದೆಂದು ನಾನು ಹೇಳಿದ ಸುಳ್ಳಿನ ಫಲವಾಗಿ ಗುಲಾಬಿ ಸಾರಾಗುವುದು ಖಾಯಂ ಆಯಿತು. ಅದೂ ದೇವಿಯ ಸಾಕ್ಷಿಯಾಗಿ.

ನಾನು ಸುಮ್ಮನಿರಲಿಲ್ಲ. ಗುಡಿಯಲ್ಲಿ ಕೋಳಿ ಕೊಯ್ಯುವಂತಿಲ್ಲ, ಕಾನೂನಿದೆ ಎಂದೆ. ಗುಡಿಯ ಮುಂದೆ ಬರಿಯ ಪೂಜೆ, ದೇವಿಯ ಒಪ್ಪಿಗೆ ಕೇಳಿ ಮನೆಗೆ ತರುವುದು, ಮಿಕ್ಕದ್ದು ಹಿತ್ತಲಲ್ಲಿ ಎಂದರು ಮಾವ. ಮಾರಮ್ಮನಿಗೆ ಬಿಳಿ ಕೋಳಿ ಆಗುತ್ತದೋ ಇಲ್ಲವೋ ಎಂದು ರಾಗ ಎಳೆದೆ.

"ಹರಕೆ ಹೊತ್ಕೊಳ್ಳೋವಾಗ ಬಣ್ಣ ನೋಡ್ಲಿಲ್ವಾ?"

"ಆಗ ಗುಲಾಬಿ ಬಣ್ಣ ಇತ್ತು ಮಾವ."

ಅವರು ನನ್ನನ್ನು ಒಂದು ಸಲ ನೋಡಿ, ಮಗಳನ್ನು ಒಂದು ಸಲ ನೋಡಿ, ಎಲೆಯಡಿಕೆಗೆ ಸುಣ್ಣ ಹಚ್ಚತೊಡಗಿದರು. ಹಚ್ಚುತ್ತಲೇ, ಯಾವುದೋ ಊರಿನ ಯಾವುದೋ ಮಾತಿಗೆ ಸೇರಿಸಿ, ದೇವರ ಹೆಸರಿನಲ್ಲಿ ಸುಳ್ಳು ಹೇಳುವವರನ್ನು ನಾನು ಮನುಷ್ಯರ ಲೆಕ್ಕಕ್ಕೆ ಇಡುವುದಿಲ್ಲ ಎಂದರು. ನಿಜ ಹೇಳಿಬಿಡೋಣ ಎಂದು ತುದಿ ನಾಲಿಗೆಗೆ ಬಂದಿದ್ದ ಮಾತು ಹಾಗೇ ಒಳಗೆ ಇಳಿಯಿತು.

"ಸುಳ್ಳು ಹೇಳಿದ್ದು ನೀವು, ಬಿಚ್ಚೋದೂ ನೀವೇ" ಎಂದು ಯಮುನಾ ಕೈ ತೊಳೆದುಕೊಂಡಳು. ಆದರೆ ಅವಳೂ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ನಾನು ನೋಡಿದೆ.

ಬೆಳಗ್ಗೆ ಎದ್ದು, ನಿಜ ಹೇಳಲು ಧೈರ್ಯ ತುಂಬಿಕೊಂಡು ಬಚ್ಚಲಿಗೆ ಹೋದೆ. ಯುಗಾದಿಯ ಎಣ್ಣೆಸ್ನಾನದ ಜಿಡ್ಡು ಕಲ್ಲಿನ ಮೇಲೆ ಇನ್ನೂ ಹಾಗೇ ಇತ್ತು. ಒಂದು ಹೆಜ್ಜೆ ಇಟ್ಟೆ, ಅಷ್ಟೇ. ಚೊಂಬು, ಬಕೆಟ್ಟು, ನಾನು ಮೂವರೂ ಒಟ್ಟಿಗೆ ಹೋದೆವು. ಉಳುಕಿದ್ದು ಯಾವ ಕಾಲು? ಮುರಿದಿದ್ದ ಅದೇ ಕಾಲು! ಅಮ್ಮ ಓಡಿ ಬಂದು ನೋಡಿ ಎರಡೂ ಕೈ ಎತ್ತಿ ಮಾರಮ್ಮನಿಗೆ ಮುಗಿದರು.

"ನೋಡಿದ್ಯೇನೋ ಅನಿಲ? ಹರಕೆ ತಡ ಮಾಡಿದ್ದಕ್ಕೆ ಎಚ್ಚರಿಕೆ ಕೊಟ್ಳು ತಾಯಿ."

ಮಾವ ಹಬ್ಬಕ್ಕೆ ತಂದ ಹೊಸ ಪಂಚೆ ಉಡಲು ಹೋದರು. ಇನ್ನು ನನ್ನ ಮಾತನ್ನು ಯಾರು ನಂಬುತ್ತಾರೆ? ಕಾಲಿಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿಸಿಕೊಂಡು, ಕುಂಟುತ್ತ ತಾರಸಿಗೆ ಹೋದೆ, ಗುಲಾಬಿಯನ್ನು ಕರೆತರಲು.

ನಾನು ಗೋಡೆಗೆ ಒರಗಿ ಕೂತ ಕೂಡಲೇ ಅವನು ಓಡಿ ಬಂದ. ಬಟ್ಟೆ ಕಟ್ಟಿದ ಕಾಲನ್ನು ಕತ್ತು ಓರೆ ಮಾಡಿ ನೋಡಿದ. ಕೊಕ್ಕಿನಿಂದ ಒಮ್ಮೆ ಮೆಲ್ಲಗೆ ಮುಟ್ಟಿದ. ಆಮೇಲೆ, ಇಷ್ಟು ದೊಡ್ಡ ಹುಂಜ, ನನ್ನ ಮೊಣಕಾಲಿನ ಸಂದಿಯಲ್ಲಿ ಮೈ ತುರುಕಿ, ಮರಿಯಾಗಿದ್ದಾಗ ಕೂರುತ್ತಿದ್ದ ಹಾಗೆಯೇ ಕೂತುಬಿಟ್ಟ. ನನಗೆ ತಡೆಯಲಾಗಲಿಲ್ಲ. ನಲವತ್ತು ದಾಟಿದ, ಮೀಸೆ ಬಂದ, ಚಿಕ್ಕಪೇಟೆಯಲ್ಲಿ ನಾಲ್ಕು ಜನ ಸಾರ್ ಎನ್ನುವ ಗಂಡಸು ಕೋಳಿಯ ಬೆನ್ನಿನ ಮೇಲೆ ಮುಖವಿಟ್ಟು ಅತ್ತೆ. ಅವನಿಗೆ ಹದ್ದಿನಿಂದ, ಬೆಕ್ಕಿನಿಂದ ಏನೂ ಆಗದ ಹಾಗೆ ಕಾದವನು, ನನ್ನ ನಾಲಿಗೆಗೆ ಒಂದು ಬಲೆ ಕಟ್ಟಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಯಮುನಾ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣೂ ಕೆಂಪಾಗಿತ್ತು.

"ಗುಡಿಯಿಂದ ಆಚೆ ಬರೋದ್ರೊಳಗೆ ನೀವು ಹೇಳಿಲ್ಲ ಅಂದ್ರೆ ನಾನೇ ಹೇಳ್ತೀನಿ. ಇದನ್ನ ತಂದೋಳು ನಾನು" ಎಂದಳು.

ಗುಡಿಯ ಮುಂದೆ ಜನ ಜಾತ್ರೆ. ನಮ್ಮ ಹಿಂದೆಯೂ ಕೋಳಿ ಕಂಕುಳಲ್ಲಿಟ್ಟುಕೊಂಡವರ ಸಾಲು. ಪೂಜಾರಿ ಗುಲಾಬಿಯ ಹಣೆಗೆ ಕುಂಕುಮವಿಟ್ಟು, ಕತ್ತಿಗೆ ಒಂದು ಎಳೆ ಹೂವು ಸುತ್ತಿ, ಬಾಗಿಲ ಮುಂದಿನ ಕಲ್ಲಿನ ಮೇಲೆ ನಿಲ್ಲಿಸಿದ. ಇನ್ನು ದೇವಿಯ ಒಪ್ಪಿಗೆ ಕೇಳಬೇಕು. ಕೋಳಿಯ ಮೇಲೆ ಅರಿಶಿನದ ನೀರು ಹಾಕುತ್ತಾರೆ. ಅದು ಪಟಪಟನೆ ಮೈ ಒದರಿದರೆ ದೇವಿ ಒಪ್ಪಿದಳು ಎಂದು ಅರ್ಥ. ಒದರುವ ತನಕ ಯಾರೂ ಮುಂದಿನ ಕೆಲಸಕ್ಕೆ ಕೈ ಹಾಕುವುದಿಲ್ಲ. ನೀರು ಬಿದ್ದರೆ ಯಾವ ಕೋಳಿ ತಾನೆ ಮೈ ಒದರುವುದಿಲ್ಲ? ಹಾಗಾಗಿ ಮಾರಮ್ಮ ಈ ತನಕ ಯಾರಿಗೂ ಇಲ್ಲ ಎಂದದ್ದನ್ನು ನಾನು ಕಂಡಿರಲಿಲ್ಲ.

ಪೂಜಾರಿ ನೀರು ಚಿಮುಕಿಸಿದ. ನಾನು ಕಣ್ಣು ಮುಚ್ಚಿದೆ. ಪಟಪಟ ಸದ್ದು ಕೇಳಿಸಲಿಲ್ಲ. ಒಂದು ಕಣ್ಣು ತೆರೆದು ನೋಡಿದೆ. ಗುಲಾಬಿ ಕಲ್ಲಿನ ಮೇಲೆ ಕಾಲು ಮಡಚಿ ಕೂತು, ಕಣ್ಣು ಮುಚ್ಚಿ, ಕತ್ತನ್ನು ಹಿತವಾಗಿ ಒಂದು ಕಡೆಗೆ ವಾಲಿಸಿದ್ದ.

ಅಯ್ಯೋ ದೇವರೇ! ಭಾನುವಾರದ ಸ್ನಾನ! ಯಾರಿಗೂ ಹೇಳಬಾರದೆಂದುಕೊಂಡಿದ್ದೆ, ಈಗ ಹೇಳಲೇಬೇಕು. ಪ್ರತಿ ಭಾನುವಾರ ನಾನು ಅವನಿಗೆ ಉಗುರು ಬೆಚ್ಚಗಿನ ನೀರಿನಲ್ಲಿ, ಮಕ್ಕಳ ಶ್ಯಾಂಪೂ ಹಾಕಿ ತಲೆಸ್ನಾನ ಮಾಡಿಸುತ್ತೇನೆ. ಒದ್ದೆ ಮೈಯಲ್ಲಿ ಶೀತವಾದೀತೆಂದು ಯಮುನಾಳ ಹೇರ್ ಡ್ರೈಯರಿನಲ್ಲಿ ಒಣಗಿಸುತ್ತೇನೆ. ಹೀಗಾಗಿ ಮೈ ಒದರುವ ಕಷ್ಟವನ್ನು ಅವನು ಯಾವತ್ತೂ ಪಟ್ಟವನಲ್ಲ. ಮಾರಮ್ಮನ ಗುಡಿಯ ಮುಂದೆ, ಅಷ್ಟು ಜನರ ನಡುವೆ, ಅವನು ಡ್ರೈಯರಿಗಾಗಿ ಕಾಯುತ್ತಿದ್ದ!

ಪೂಜಾರಿ ಇನ್ನೊಂದು ಸಲ ಹಾಕಿದ. ಗುಲಾಬಿ ಕತ್ತನ್ನು ಇನ್ನೊಂದು ಕಡೆಗೆ ವಾಲಿಸಿದ. ಚೊಂಬು ಪೂರ್ತಿ ಬಗ್ಗಿಸಿದ. ಗುಲಾಬಿ ಸುಖದಿಂದ ಗಂಟಲಲ್ಲಿ ಸಣ್ಣಗೆ ಸದ್ದು ಮಾಡಿದ. ಹಿಂದಿನ ಸಾಲಿನವರು ಮುಂದೆ ಬಗ್ಗಿ ನೋಡತೊಡಗಿದರು. ಕೋಳಿಗೆ ಹುಷಾರಿಲ್ಲವೇ ಎಂದು ಒಬ್ಬರು, ಇದು ಕೋಳಿಯೇ ಹೌದೇ ಎಂದು ಇನ್ನೊಬ್ಬರು. ಪೂಜಾರಿಯ ಮುಖ ಸಪ್ಪಗಾಯಿತು. ಮಾವ ಮೀಸೆಯ ಮೇಲಿದ್ದ ಕೈ ತೆಗೆದರು.

"ತಾಯಿ ಒಪ್ತಿಲ್ಲ. ಹರಕೇಲಿ ಏನೋ ಸುಳ್ಳೈತೆ" ಎಂದರು.

ಅಮ್ಮ ನನ್ನ ಕಡೆ ತಿರುಗಿದರು. ಯಮುನಾ ಬಾಯಿ ತೆರೆದಳು. ನಾನು ಅವಳಿಗಿಂತ ಮೊದಲೇ ಕಲ್ಲಿನ ಹತ್ತಿರ ಕೂತು, ಒದ್ದೆ ಗುಲಾಬಿಯನ್ನು ಎತ್ತಿ ಎದೆಗೆ ಅವಚಿಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ಹರಕೆಯೂ ಇಲ್ಲ, ಮೀಸಲೂ ಇಲ್ಲ. ಮಾವ ಇವನನ್ನು ಸಾರಿಗೆ ಕೇಳುತ್ತಾರೆ ಎಂದು ಹೆದರಿ ದೇವಿಯ ಹೆಸರು ಹೇಳಿದೆ. ಇವನು ಇಲ್ಲದೆ ನನಗೆ ಆಗುವುದಿಲ್ಲ ಎಂದೆ.

ಅಮ್ಮ ಹಣೆ ಚಚ್ಚಿಕೊಂಡು, ಮೊದಲು ತಪ್ಪಾಯ್ತು ಅಂತ ಕೆನ್ನೆ ಬಡ್ಕೋ ಎಂದರು. ಬಡಿದುಕೊಂಡೆ. ಬಸ್ಕಿ ಹೊಡೆಯಲು ಉಳುಕಿದ ಕಾಲು ಬಿಡಲಿಲ್ಲವೆಂದು ಆ ಪಾಲಿನ ಕೆನ್ನೆಯನ್ನೂ ಬಡಿದುಕೊಂಡೆ. ಸಾಲಿನಲ್ಲಿದ್ದವರು ಭಕ್ತಿಯಿಂದ ನೋಡಿದರು. ಕೆಲವರು ಫೋನಿನಲ್ಲಿ ವಿಡಿಯೋ ತೆಗೆದುಕೊಂಡರು. ಆಮೇಲೆ ಅಮ್ಮ ತಾವೇ ಗುಲಾಬಿಯ ಹಣೆಗೆ ಇನ್ನಷ್ಟು ಕುಂಕುಮ ಹಚ್ಚಿ, ನಿನ್ನನ್ನು ತಾಯಿಯೇ ಉಳಿಸಿಕೊಂಡಳು ಕಣೋ ಎಂದು ಅವನ ತಲೆ ಸವರಿದರು. ಶ್ಯಾಂಪೂವಿನ ವಿಷಯ ನಾನು ಅವರಿಗೆ ಹೇಳಲಿಲ್ಲ. ದೇವಿ ಯಾವ ರೂಪದಲ್ಲಿ ಬರುತ್ತಾಳೆಂದು ಹೇಳಲು ನಾನ್ಯಾರು?

ಮಾವ ಮಾತ್ರ ಹೊರಗೆ ಹೋಗಿ ಅರಳಿಕಟ್ಟೆಯ ಮೇಲೆ ಕೂತರು. ನಾನು ಗುಲಾಬಿಯನ್ನು ಹಿಡಿದುಕೊಂಡು ಕುಂಟುತ್ತ ಹೋಗಿ ಅವರ ಮುಂದೆ ನಿಂತೆ. ಯಮುನಾ ಹಿಂದೆ ಬಂದು ಸೆರಗಿನಿಂದ ಗುಲಾಬಿಯ ಮೈ ಒರೆಸತೊಡಗಿದಳು. ತಪ್ಪಾಯಿತು ಮಾವ ಎಂದೆ.

"ನಾನ್ ಯಾವಾಗ್ ಸಾರಿಗ್ ಕೇಳ್ದೆ?" ಎಂದರು ಅವರು. ಸಿಟ್ಟಿರಲಿಲ್ಲ, ನೋವಿತ್ತು. "ಊರಲ್ಲಿ ನನ್ ಹುಂಜನ್ನ ನಾಯಿ ಹೊತ್ಕೊಂಡ್ ಹೋಯ್ತು. ಹ್ಯಾಟೆಗಳೆಲ್ಲ ಸುಮ್ನೆ ಕಾವು ಕೂತು ಏಳ್ತವೆ, ಒಂದೂ ಮರಿಯಾಗಲ್ಲ. ನಮ್ಮತ್ತೆ ಕಾಲದಿಂದ ಬಂದ ತಳಿ. ಇದನ್ನ ನೋಡ್ದೆ, ಮೈಕಟ್ಟು ಚೆನ್ನಾಗಿತ್ತು. ಒಂದೆರಡ್ ತಿಂಗಳು ಕಳಿಸ್ಕೊಡಿ ಅಂತ ಕೇಳಾನ ಅಂದ್ರೆ, ನೀವು ಅಷ್ಟ್ ಮುದ್ದಾಗ್ ಸಾಕಿರೋದು, ಹೆಂಗ್ ಕೇಳೋದು ಅಂತ ಸಂಕೋಚ. ಅದ್ಕೇ ಗಾಡಿ ಹತ್ತಿದ್ದು. ನೀವು ನೋಡಿದ್ರೆ ದ್ಯಾವ್ರ ಕೋಳಿ ಅಂದ್ರಿ. ರಾತ್ರಿಯೆಲ್ಲ ನಿದ್ದೆ ಹತ್ಲಿಲ್ಲ ನಂಗೆ. ಇಂಥಾ ಹುಂಜ ಹೋಯ್ತದಲ್ಲ ಅಂತ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾಲು ಅಮುಕಿದ್ದು, ರೆಕ್ಕೆ ಬಿಡಿಸಿದ್ದು, ಜುಟ್ಟು ನೋಡಿದ್ದು ಎಲ್ಲವೂ ವರನ ಪರೀಕ್ಷೆ! ಗುಲಾಬಿಯ ಜೀವಕ್ಕೆ ಆ ಮನೆಯಲ್ಲಿ ಅಪಾಯವೆಂದು ಇದ್ದದ್ದು ನಾನೊಬ್ಬನೇ. ನನ್ನ ಮಾವನನ್ನು ಎರಡು ದಿನ ಕಟುಕನೆಂದುಕೊಂಡಿದ್ದೆ, ಅವರು ನಿದ್ದೆಗೆಟ್ಟು ನನ್ನ ಕೋಳಿಗಾಗಿ ಸಂಕಟಪಡುತ್ತಿದ್ದರು. ಕಣ್ಣು ಮಂಜಾಯಿತು. ಯಮುನಾಳ ಮುಖ ನೋಡಿದೆ. ಅವಳು ಗುಲಾಬಿಯ ರೆಕ್ಕೆ ಒರೆಸುವುದನ್ನು ನಿಲ್ಲಿಸಿ, ಮೆಲ್ಲಗೆ ತಲೆಯಾಡಿಸಿದಳು.

"ಕರ್ಕೊಂಡ್ ಹೋಗಿ ಮಾವ" ಎಂದೆ. ಎದೆಯಿಂದ ಏನೋ ಕಿತ್ತು ಕೊಟ್ಟ ಹಾಗಾಯಿತು. "ನಾನೇ ತಂದು ಬಿಡ್ತೀನಿ. ನಿಮ್ಮ ಹತ್ರ ಇದ್ರೆ ನಂಗೆ ಭಯ ಇಲ್ಲ." ಹೀಗೆಂದು ಗುಲಾಬಿಯನ್ನು ಅವರ ತೊಡೆಯ ಮೇಲೆ ಕೂರಿಸಿದೆ.

ಮಾವ ಅವನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಗುಲಾಬಿ ಕಣ್ಣು ಮುಚ್ಚಿ, ಒಂದು ರೆಕ್ಕೆಯನ್ನು ತಾನಾಗಿಯೇ ಎತ್ತಿ, ಇಲ್ಲಿ ಇನ್ನೂ ಒಣಗಿಲ್ಲ ಎನ್ನುವ ಹಾಗೆ ಅವರ ಮುಖಕ್ಕೆ ಒಡ್ಡಿದ. ಮಾವ ನಿಟ್ಟುಸಿರು ಬಿಟ್ಟು ಅವನನ್ನು ಮತ್ತೆ ನನ್ನ ಕೈಗಿಟ್ಟರು.

"ಬ್ಯಾಡ ಅಳಿಯಂದ್ರೇ. ಇಂಥಾ ಅಳಿಯ ನಮ್ಮ ಮನೆತನಕ್ಕೆ ಒಬ್ರೇ ಸಾಕು."